ಆರು ಬೆನ್ನು, ಒಂದು ಸೆರಗು

ಹವಾಯಿಯ ದೋಣಿಯಲ್ಲಿ ಆರು ಸೀಟು. ಒಂದನೇ ಸೀಟಿನವನು ಲಯ ಹಿಡಿಯುತ್ತಾನೆ. ಎರಡನೆಯವನು ಆ ಲಯವನ್ನು ಇನ್ನೊಂದು ಪಕ್ಕಕ್ಕೆ ದಾಟಿಸುತ್ತಾನೆ. ಮೂರನೆಯವನು ಹನ್ನೆರಡು ಹದಿನೈದು ಹೊಡೆತಕ್ಕೊಮ್ಮೆ ‘ಹಟ್’ ಎಂದು ಕೂಗುತ್ತಾನೆ, ಆಗ ಎಲ್ಲರೂ ‘ಹೋ’ ಎಂದು ಹುಟ್ಟನ್ನು ಈ ಮಗ್ಗುಲಿಂದ ಆ ಮಗ್ಗುಲಿಗೆ ಬದಲಿಸಬೇಕು. ಐದನೆಯವನ ಕಣ್ಣು ಸದಾ ಎಡಗಡೆಯ ತೇಲುಮರದ ಮೇಲೆ. ಎರಡು ಅಡ್ಡಕೋಲುಗಳಿಗೆ ಬಿಗಿದು ಕಟ್ಟಿದ ಆ ಮರಕ್ಕೆ ಅಮಾ ಎನ್ನುತ್ತಾರೆ, ಅದು ಮೇಲೆದ್ದರೆ ದೋಣಿ ಮಗುಚಿತು ಎಂದೇ ಲೆಕ್ಕ. ಆರನೆಯವನದು ಚುಕ್ಕಾಣಿ. ಇನ್ನು ಉಳಿದದ್ದು ನಾಲ್ಕನೇ ಸೀಟು. ಒಳಗೆ ನೀರು ನುಗ್ಗಿದರೆ ಮೊಗೆದು ಚೆಲ್ಲುವುದು ಅವನ ಹೊಣೆ. ನೀರು ನುಗ್ಗದ ದಿನ ಅವನಿದ್ದಾನೆಂಬುದು ದೋಣಿಗೆ ತೂಕದಿಂದ ಮಾತ್ರ ತಿಳಿಯುತ್ತದೆ. ಮೂರು, ನಾಲ್ಕು, ಐದನೇ ಸೀಟುಗಳಿಗೆ ಒಟ್ಟಾಗಿ ಇಂಜಿನ್ ರೂಮು ಎಂಬ ದೊಡ್ಡ ಹೆಸರಿದೆ. ನಾನು ಆ ಇಂಜಿನ್ನಿನ ನಡುಮಧ್ಯದಲ್ಲಿ ಕೂರುವವನು. ಕೆಟ್ಟು ನಿಂತರೂ ಯಾರಿಗೂ ಗೊತ್ತಾಗದ ಭಾಗ.

ತಂಡದ ಸಮವಸ್ತ್ರ ಮಾಡುವ ಕೆಲಸ ನನ್ನ ಪಾಲಿಗೆ ಬಂದದ್ದು ಈ ಅರ್ಹತೆಯಿಂದಲೇ. ನಮ್ಮದು ಹೊನೊಲುಲುವಿನ ಒಂದು ಸಣ್ಣ ಕ್ಲಬ್ಬಿನ ನಾವಿಸ್ ಬಿ ತಂಡ, ಅಂದರೆ ಹೊಸಬರಲ್ಲೂ ಹೊಸಬರು. ರೇಸು ಬರೀ ಕಾಲು ಮೈಲಿಯದ್ದು. ಹವಾಯಿ ರಾಜ್ಯದವರು 1986ರಲ್ಲಿ ಈ ದೋಣಿಯಾಟವನ್ನು ಅಧಿಕೃತ ತಂಡಕ್ರೀಡೆ ಎಂದು ಸಾರಿದಾಗ ನಮ್ಮಂಥವರೂ ಇದರೊಳಗೆ ನುಸುಳಬಹುದೆಂದು ಎಣಿಸಿರಲಿಕ್ಕಿಲ್ಲ. ತರಬೇತಿ ಕೊಡುವವರು ಎಪ್ಪತ್ತು ದಾಟಿದ ಒಬ್ಬ ಹವಾಯಿ ಹೆಂಗಸು. ಅವರನ್ನು ಎಲ್ಲರೂ ಆಂಟಿ ಎನ್ನುತ್ತಾರೆ. ಹಿರಿಯರನ್ನು ಹೆಸರು ಹಿಡಿದು ಕರೆಯದೆ ಆಂಟಿ, ಅಂಕಲ್ ಅನ್ನುವ ವಿಷಯದಲ್ಲಿ ಹೊನೊಲುಲುವಿಗೂ ಬೆಂಗಳೂರಿನ ಅಪಾರ್ಟ್‌ಮೆಂಟಿಗೂ ಏನೂ ವ್ಯತ್ಯಾಸವಿಲ್ಲ. ಒಂದು ಸಂಜೆ ಅಲಾ ವೈ ಕಾಲುವೆಯಿಂದ ದೋಣಿ ಎತ್ತಿ ದಡಕ್ಕಿಡುವಾಗ ಆಂಟಿ ನನ್ನ ಕಡೆ ನೋಡಿ, “ನಿನಗೆ ಕಂಪ್ಯೂಟರ್ ಬರುತ್ತದಲ್ಲ, ಈ ವರ್ಷದ ಜೆರ್ಸಿ ನೀನು ಮಾಡು. ಆದರೆ ಅರ್ಥ ಇರಬೇಕು” ಎಂದರು.

ಕಂಪ್ಯೂಟರಿನಲ್ಲಿ ನಾನು ಜೀವಮಾನವಿಡೀ ಬರೆದದ್ದು ಬ್ಯಾಂಕಿನ ಬಡ್ಡಿ ಲೆಕ್ಕ. ಅದರಲ್ಲಿ ಅರ್ಥ ಇರಬೇಕೆಂದು ಈವರೆಗೆ ಯಾರೂ ಕೇಳಿರಲಿಲ್ಲ.

ಮನೆಗೆ ಬಂದು ಊಟದ ಮೇಜಿನ ಮೇಲೆ ಬಣ್ಣದ ಪೆನ್ಸಿಲು ಹರಡಿಕೊಂಡು ಕೂತೆ. ಹೆಂಡತಿ ಧಾರವಾಡದವಳು, ಮಾತು ಸುತ್ತಿಸಿ ಆಡುವ ಅಭ್ಯಾಸವಿಲ್ಲ. “ಅಲ್ರೀ, ಮೊದಲ ದೋಣಿ ನೆಟ್ಟಗ ಹೊಡೀಲಿಕ್ಕೆ ಕಲೀರಿ. ಕೂಸು ಹುಟ್ಟೂ ಮೊದಲ ಕುಲಾಯಿ ಹೊಲಿಸಿದ್ರಂತ” ಎಂದು ತಟ್ಟೆ ಇಡಲು ಪೆನ್ಸಿಲುಗಳನ್ನು ಬದಿಗೆ ಸರಿಸಿದಳು. ಕೂಸು ಹುಟ್ಟುವ ಲಕ್ಷಣ ಸದ್ಯಕ್ಕಿಲ್ಲದ್ದರಿಂದಲೇ ಕುಲಾಯಿಯಾದರೂ ಚೆನ್ನಾಗಿರಲಿ ಎಂದು ನನ್ನ ವಾದ. ಗೆಲ್ಲುವ ತಂಡ ಹರಿದ ಬನಿಯನ್ನು ಹಾಕಿ ಬಂದರೂ ನಡೆಯುತ್ತದೆ. ಸೋಲುವವರಿಗೆ ಮೇಲಂಗಿ ಬೇಕೇ ಬೇಕು.

ಮೊದಲ ವಿನ್ಯಾಸಕ್ಕೆ ನಾನು ಕಷ್ಟಪಡಲಿಲ್ಲ. ಬಿಷಪ್ ಮ್ಯೂಸಿಯಮ್ಮಿನಲ್ಲಿ ಕಮೇಹಮೇಹ ದೊರೆಯ ಗರಿಯ ಮೇಲುಹೊದಿಕೆ ಇದೆ. ಮಾಮೋ ಎಂಬ ಹಕ್ಕಿಯ ಹಳದಿ ಗರಿ, ಸುಮಾರು 4,50,000 ಎಂದು ಹೇಳುತ್ತಾರೆ. ಇಡೀ ಹಕ್ಕಿ ಕಪ್ಪು, ಹಳದಿ ಇರುವುದು ಒಂದಿಷ್ಟೇ ಇಷ್ಟು, ಹಾಗಾಗಿ ಒಂದು ಹೊದಿಕೆಗೆ ಎಷ್ಟು ತಲೆಮಾರಿನ ಹಕ್ಕಿ ಹಿಡಿಯುವವರು ಬೇಕಾದರೋ. ಕೆಂಪು, ಹಳದಿ ಇಲ್ಲಿ ರಾಜವಂಶದ ಬಣ್ಣ. ಇದನ್ನು ಓದಿದ ಕೂಡಲೇ ನನ್ನ ಕೈ ತಾನಾಗಿ ಓಡಿತು: ಮೇಲರ್ಧ ಹಳದಿ, ಕೆಳಗರ್ಧ ಕೆಂಪು. ಒಂದು ಪುಟ ಟಿಪ್ಪಣಿಯನ್ನೂ ಬರೆದೆ, ಅದರಲ್ಲಿ ಪೆಸಿಫಿಕ್ ಸಾಗರ, ರಾಜಪರಂಪರೆ, ಪಕ್ಷಿಸಂಕುಲ ಎಲ್ಲ ಬಂದವು. ಹೆಂಡತಿ ಟಿಪ್ಪಣಿಯನ್ನು ಓದಲಿಲ್ಲ, ಚಿತ್ರ ನೋಡಿದಳು. “ಇದನ್ನ ಹಾಕ್ಕೊಂಡು ಆರು ಮಂದಿ ಸಾಲಾಗಿ ಕೂತ್ರ ನವೆಂಬರ್ ಒಂದನೇ ತಾರೀಖಿನ ಆಟೋ ಸ್ಟ್ಯಾಂಡ್ ಆಗ್ತದ” ಎಂದಳು. ಪೆಸಿಫಿಕ್ಕಿನ ಹೆಸರಿನಲ್ಲಿ ನಾನು ರಾಜ್ಯೋತ್ಸವ ಮಾಡಲು ಹೊರಟದ್ದು ಒಂದೇ ನೋಟಕ್ಕೆ ಬಯಲಾಯಿತು. ಆಂಟಿಯ ಆಕ್ಷೇಪ ಬೇರೆಯೇ ಇತ್ತು. “ದೊರೆಗಳ ಬಣ್ಣ ಹಾಕಲು ಅಡ್ಡಿಯಿಲ್ಲ. ಹಾಕಿಕೊಂಡ ಮೇಲೆ ಎಲ್ಲರಿಗಿಂತ ಹಿಂದೆ ಬರುವಂತಿಲ್ಲ” ಎಂದರು. ಕೈಬಿಟ್ಟೆ.

ಆ ಭಾನುವಾರ ಕುಮಟಾದಿಂದ ಆಯಿ ವಿಡಿಯೋದಲ್ಲಿ ಬಂದಳು. ದೋಣಿಯ ಫೋಟೋ ತೋರಿಸಿದೆ. ಹವಾಯಿಯವರು ದೋಣಿಯಲ್ಲಿ ದಿಕ್ಸೂಚಿಯಿಲ್ಲದೆ ಸಾವಿರಾರು ಮೈಲಿ ದಾಟಿದವರ ಮಕ್ಕಳು, ನಕ್ಷತ್ರ ನೋಡಿ ದಾರಿ ಹಿಡಿಯುವ ವಿದ್ಯೆ ಸತ್ತಿಲ್ಲವೆಂದು ತೋರಿಸಲು 1976ರಲ್ಲಿ ಹೋಕುಲೆಆ ಎಂಬ ಜೋಡಿದೋಣಿ ಇಲ್ಲಿಂದ ತಾಹಿತಿಗೆ ಹೋಯಿತು, ಎಂದೆಲ್ಲ ಒಂದೇ ಉಸಿರಿಗೆ ಹೇಳಿದೆ. ಆಯಿ ಕನ್ನಡಕ ಏರಿಸಿ ನೋಡಿ, “ಇದೆಂತದೋ ತಮಾ, ಮಗ್ಗುಲಿಗೆ ಮರ ಕಟ್ಕಂಡು ಗೋಕರ್ಣದ ಬದಿಗೆ ಬಲೆ ಬಿಡೂಕೆ ಹೋಗ್ತ್ರಲ, ಅದೇ ಅಲ್ದಾ?” ಎಂದಳು. ಅದೇ. ಕಾರವಾರ, ಗೋಕರ್ಣ, ಗೋವಾ ಕಡೆಯ ಮೀನುಗಾರರು ಹುಟ್ಟಿನಿಂದ ನೋಡಿದ ದೋಣಿಯನ್ನು ನಾನು ದುಡ್ಡು ಕೊಟ್ಟು, ಸಮುದ್ರ ದಾಟಿ ಬಂದು ಕಲಿಯುತ್ತಿದ್ದೇನೆ. ಊರಲ್ಲಿದ್ದಾಗ ಅಘನಾಶಿನಿ ಹೊಳೆಯನ್ನು ನಾನು ದಾಟಿದ್ದು ಯಾವಾಗಲೂ ಸೇತುವೆಯ ಮೇಲೆ, ಬಸ್ಸಿನಲ್ಲಿ, ಕಿಟಕಿ ಪಕ್ಕ. ರೇಸಿನ ಒಳ್ಳೆಯ ದೋಣಿಗಳನ್ನು ಕೋಆ ಮರದಲ್ಲಿ ಕೊರೆಯುತ್ತಾರೆ, ಕಡಿಮೆ ಎಂದರೂ 400 ಪೌಂಡ್ ತೂಗಬೇಕು, ಆ ಮರ ಅಕೇಶಿಯಾ ಜಾತಿಯದು ಎಂದೆ. ಅಲ್ಲಿಗೆ ಆಯಿಗೆ ಉಳಿದ ಗೌರವವೂ ಹೋಯಿತು. ನಮ್ಮೂರ ಗುಡ್ಡದ ತುಂಬ ಅರಣ್ಯ ಇಲಾಖೆಯವರು ಅಕೇಶಿಯಾ ನೆಟ್ಟಿದ್ದಾರೆ, ಅದರಡಿ ಹುಲ್ಲು ಹುಟ್ಟುವುದಿಲ್ಲವೆಂದು ಆಯಿಗೆ ಇಂದಿಗೂ ಸಿಟ್ಟಿದೆ.

ಆದರೂ ಮಗನ ಕೆಲಸ. “ಶುಭ ಆಗ್ಲಿ, ಬಾಳೆಗೊನೆ ಬರಿ” ಎಂದಳು. ಗೃಹಪ್ರವೇಶವಿರಲಿ, ಗಣಪತಿ ಹಬ್ಬವಿರಲಿ, ಬಾಳೆಯಿಲ್ಲದೆ ನಮ್ಮಲ್ಲಿ ಏನು ನಡೆಯುತ್ತದೆ? ಎದೆಯ ಮೇಲೆ ಎರಡು ಗೊನೆ, ನಡುವೆ ದೋಣಿ ಬರೆದು ಅಭ್ಯಾಸಕ್ಕೆ ಒಯ್ದೆ. ಆರನೇ ಸೀಟಿನವನು ನಿವೃತ್ತ ಬೆಸ್ತ. ಕಾಗದ ನೋಡಿದವನೇ ನನ್ನ ಚೀಲವನ್ನೂ ತೆಗೆಸಿ ನೋಡಿದ, ಒಳಗೆ ನಿಜವಾದ ಬಾಳೆಹಣ್ಣೇನಾದರೂ ಇದೆಯೇ ಎಂದು. ಇಲ್ಲಿ ದೋಣಿಗೆ ಬಾಳೆಹಣ್ಣು ಒಯ್ಯುವಂತಿಲ್ಲ. ಒಯ್ದರೆ ಮೀನು ಸಿಗುವುದಿಲ್ಲ, ಇಂಜಿನ್ನು ಕೆಡುತ್ತದೆ, ಒಟ್ಟಿನಲ್ಲಿ ಶನಿ ಹೆಗಲೇರುತ್ತಾನೆ. ನಮ್ಮ ಮಂಗಳ ಅವರ ಅಮಂಗಳ. ಮನೆಯಲ್ಲಿ ಹೇಳಿದಾಗ ಹೆಂಡತಿಗೆ ಬಾಳೆಯ ಇನ್ನೊಂದು ಕತೆ ಸಿಕ್ಕಿತು: ಹಳೆಯ ಕಾಲದಲ್ಲಿ ಇಲ್ಲಿಯ ಹೆಂಗಸರು ಬಾಳೆಹಣ್ಣು ತಿನ್ನುವಂತಿರಲಿಲ್ಲವಂತೆ, ಗಂಡಸರ ಪಂಕ್ತಿಯಲ್ಲಿ ಕೂರುವಂತೆಯೂ ಇರಲಿಲ್ಲ. 1819ರಲ್ಲಿ ರಾಣಿ ಕಾಅಹುಮಾನು ಮುಂದೆ ನಿಂತು, ಹೊಸ ದೊರೆಯನ್ನು ಹೆಂಗಸರ ಜತೆ ಊಟಕ್ಕೆ ಕೂರಿಸಿ ಆ ಕಟ್ಟನ್ನು ಮುರಿದಳು. “ಆಕಿ ಚಿತ್ರ ಹಾಕ್ರಿ ಅಂಗಿ ಮ್ಯಾಲ” ಎಂದು ಹೆಂಡತಿ ಇಡೀ ವಾರ ಹೇಳಿದಳು. ಆ ವಾರ ಪಾತ್ರೆ ತೊಳೆದವನು ನಾನು.

ಗಂಡಭೇರುಂಡ ಬರೆದೆನೆಂಬುದನ್ನು ಇಲ್ಲಿ ಹೆಚ್ಚು ಬೆಳೆಸುವುದಿಲ್ಲ. ಒಂದು ದೇಹ, ಎರಡು ತಲೆ, ಎರಡೂ ಬೇರೆ ಬೇರೆ ದಿಕ್ಕಿಗೆ. ನಮ್ಮ ಒಂದನೇ ಸೀಟಿಗೂ ಆರನೇ ಸೀಟಿಗೂ ನಡೆಯುತ್ತಿದ್ದ ಜಗಳ ಗೊತ್ತಿದ್ದವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಿರಲಿಲ್ಲ. ಇಬ್ಬರೂ ತನ್ನನ್ನೇ ಅಂದದ್ದೆಂದು ಮುನಿಸಿಕೊಂಡರು.

ಆಮೇಲೆ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ತೋಳ ಮೇಲೆ ಪಾಲಿನೇಷ್ಯದ ಹಚ್ಚೆಯ ಚಿತ್ತಾರ. ಅಂತರ್ಜಾಲದಲ್ಲಿ ಅದು ಬೇಕಾದಷ್ಟು ಬಿದ್ದಿದೆ. ತ್ರಿಕೋನಗಳ ಸಾಲು ಅಂದರೆ ನಿಹೋ ಮಾನೋ, ಶಾರ್ಕಿನ ಹಲ್ಲು. ನೋಡಲು ಗಂಭೀರ, ಬರೆಯಲು ಸುಲಭ, ಬಡ್ಡಿ ಲೆಕ್ಕದವನ ಕೈಗೂ ಎಟುಕುತ್ತದೆ. ಆಂಟಿ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ, “ಇದು ಯಾರ ಶಾರ್ಕು?” ಎಂದು ಕೇಳಿದರು.

ಶಾರ್ಕಿಗೂ ಆಧಾರ್ ಕಾರ್ಡು ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಆಂಟಿ ದಡದ ಮೇಲೆ ಕೂರಿಸಿಕೊಂಡು ತಿಳಿಸಿ ಹೇಳಿದರು. ಕೆಲವು ಮನೆತನಗಳಿಗೆ ಶಾರ್ಕು ಕುಲದ ಹಿರಿಯ. ಸತ್ತ ಅಜ್ಜ ಆ ರೂಪದಲ್ಲಿ ಬಂದು ಕಾಯುತ್ತಾನೆಂಬ ನಂಬಿಕೆ, ಅದಕ್ಕೆ ಔಮಾಕುವ ಎನ್ನುತ್ತಾರೆ. ಮೈಮೇಲಿನ ಹಚ್ಚೆ ಅಂಥ ಮನೆತನದ ಕತೆ, ಅದನ್ನು ಅಂತರ್ಜಾಲದಿಂದ ಇಳಿಸಿಕೊಂಡು ಪಾಲಿಯೆಸ್ಟರಿನ ಮೇಲೆ ಒತ್ತಿದರೆ ಅವರ ಅಜ್ಜನನ್ನು ಕೇಳದೆ ಕರೆತಂದಂತೆ. ಅಂಚೆಯಲ್ಲಿ ಬಂದ ಬೇರೆಯವರ ಮದುವೆ ಆಮಂತ್ರಣದ ಮೇಲೆ ನಮ್ಮ ಹೆಸರು ಬರೆದುಕೊಂಡು ಊಟಕ್ಕೆ ಹೋಗುವಷ್ಟು ಧೈರ್ಯ ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲ. ಹಾಳೆ ಮಡಚಿ ಜೇಬಿಗೆ ಹಾಕಿಕೊಂಡೆ.

ಅರ್ಥ ಕೈಕೊಟ್ಟಿದ್ದರಿಂದ ಸ್ವಲ್ಪ ದಿನ ಬಟ್ಟೆಯ ಬೆನ್ನು ಹತ್ತಿದೆ. ಅಚ್ಚು ಹಾಕುವವರು ವಿವರಿಸಿದ್ದು ಹೀಗೆ: ಶಾಯಿಯನ್ನು ಕಾದ ಯಂತ್ರದಲ್ಲಿ ಒತ್ತಿದಾಗ ಅದು ಕರಗದೆ ನೇರ ಆವಿಯಾಗಿ ನೂಲಿನೊಳಗೆ ಇಳಿಯುತ್ತದೆ. ಪಾಲಿಯೆಸ್ಟರ್ ಆದರೆ ಮಾತ್ರ ಹಿಡಿಯುತ್ತದೆ, ಹತ್ತಿಗೆ ಹಿಡಿಯುವುದಿಲ್ಲ. ಕಪ್ಪು ಬಟ್ಟೆಯ ಮೇಲೆ ತಿಳಿ ಬಣ್ಣ ಕೂರುವುದೂ ಇಲ್ಲ. ಕರ್ಪೂರದ ಉದಾಹರಣೆ ಕೊಟ್ಟು ಉತ್ಪತನ ಎಂದು ಮೇಷ್ಟ್ರು ಕಲಿಸಿದ್ದು ಇಷ್ಟು ವರ್ಷಕ್ಕೆ ಉಪಯೋಗಕ್ಕೆ ಬಂತು, ಮಗಳ ಮುಂದೆ ಮೆರೆದೆ. ಮಾದರಿಗೆಂದು ಮೂರು ಅಂಗಿ ಕಳಿಸಿದ್ದರು: ಬಿಳಿ, ಕಡುನೀಲಿ, ಹಳದಿ. ಬಚ್ಚಲಿನ ತೊಟ್ಟಿಗೆ ನೀರು ತುಂಬಿ, ಅಡುಗೆಮನೆಯ ಉಪ್ಪಿನ ಡಬ್ಬಿಯನ್ನು ಪೂರಾ ಸುರಿದು ಸಮುದ್ರ ತಯಾರಿಸಿದೆ. ಅದರೊಳಗೆ ಪ್ಲಾಸ್ಟಿಕ್ ಸ್ಟೂಲು ಇಟ್ಟು, ಬಿಳಿ ಅಂಗಿ ತೊಟ್ಟು ಕೂತು, ಪೊರಕೆಯನ್ನು ಹುಟ್ಟಿನಂತೆ ಹಿಡಿದು ಹೊಡೆಯತೊಡಗಿದೆ. ಕಂಕುಳ ಹೊಲಿಗೆ ಎಲ್ಲಿ ಉಜ್ಜುತ್ತದೆಂದು ಹೀಗಲ್ಲದೆ ತಿಳಿಯುವುದು ಹೇಗೆ? ಉಪ್ಪುನೀರು, ದಪ್ಪ ಹೊಲಿಗೆ ಎರಡೂ ಸೇರಿದರೆ ಚರ್ಮ ಮೆಣಸಿನಕಾಯಿ ಅರೆದ ಕಲ್ಲಾಗುತ್ತದೆ. ‘ಹಟ್’ ನಾನೇ ಕೂಗಿ ‘ಹೋ’ ಎಂದು ನಾನೇ ಓಗೊಟ್ಟು ಮಗ್ಗುಲು ಬದಲಿಸುತ್ತಿದ್ದೆ. ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಮಗಳು ಫೋನಿನಲ್ಲಿ ಚಿತ್ರೀಕರಿಸುತ್ತಿದ್ದಾಳೆಂದು ಗೊತ್ತಾದದ್ದು ಪೊರಕೆ ಶಾಂಪೂ ಬಾಟಲಿಗಳ ಸಾಲನ್ನು ಉರುಳಿಸಿದಾಗ.

ಒದ್ದೆಯಾದ ಬಿಳಿ ಅಂಗಿ ಏನನ್ನೂ ಮುಚ್ಚಿಡುವುದಿಲ್ಲ ಎಂಬುದು ಪ್ರಯೋಗದ ಮೊದಲ ಫಲಿತಾಂಶ. ಹೆಂಡತಿ ಒಳಗೆ ಇಣುಕಿ, “ಇದು ಬ್ಯಾಡ” ಎಂದಷ್ಟೇ ಹೇಳಿ ಬಾಗಿಲು ಎಳೆದುಕೊಂಡಳು. ಕಡುನೀಲಿಯನ್ನು ನಾನೇ ತಳ್ಳಿಹಾಕಿದೆ. ಮೊಲೊಕಾಯಿ ದ್ವೀಪದಿಂದ ಓವಾಹುವಿಗೆ ಕಡಲುಗಾಲುವೆ ದಾಟುವ ಸುಮಾರು 41 ಮೈಲಿಯ ದೊಡ್ಡ ರೇಸು 1952ರಿಂದ ನಡೆದು ಬಂದಿದೆ, ಹೆಂಗಸರದು 1979ರಿಂದ. ಅದರಲ್ಲಿ ಬದಲಿ ಆಟಗಾರರು ಬೆಂಗಾವಲು ದೋಣಿಯಿಂದ ನಡುಸಮುದ್ರಕ್ಕೆ ಧುಮುಕಿ, ಹಾದುಹೋಗುವ ದೋಣಿಯನ್ನು ಹಿಡಿದು ಹತ್ತಬೇಕು, ಎದ್ದವನು ಇನ್ನೊಂದು ಮಗ್ಗುಲಿಗೆ ನೀರಿಗೆ ಬೀಳಬೇಕು. ನೀಲಿ ಅಂಗಿಯ ತಲೆಯನ್ನು ನೀಲಿ ಅಲೆಯಲ್ಲಿ ಯಾರು ಹುಡುಕುತ್ತಾರೆ? ಹಳದಿಯೇ ಸರಿ, ಓವಾಹು ದ್ವೀಪದ ಹೂವಾದ ಇಲಿಮಾದ ಬಣ್ಣವೂ ಅದೇ. ಈ ವಾದವನ್ನು ನಾನು ಸಭೆಯಲ್ಲಿ ನಕ್ಷೆ ಸಮೇತ ಮಂಡಿಸಿದೆ. ನಾವು ಹುಟ್ಟು ಹಾಕುವುದು ಕಾಲುವೆಯಲ್ಲಿ, ಒಂದು ಕಡೆ ಗಾಲ್ಫ್ ಮೈದಾನ, ಇನ್ನೊಂದು ಕಡೆ ವೈಕೀಕಿಯ ಎತ್ತರದ ಕಟ್ಟಡಗಳು, ಬಿದ್ದರೆ ವಾಯುವಿಹಾರಕ್ಕೆ ಬಂದವರೇ ಕೈ ಕೊಟ್ಟು ಎಳೆದುಕೊಳ್ಳುತ್ತಾರೆ ಎಂದು ಮೂರನೇ ಸೀಟಿನವನು ನೆನಪಿಸಿದ. ಹಳದಿಗೆ ಮಾತ್ರ ಒಪ್ಪಿಗೆ ಸಿಕ್ಕಿತು.

ಅಷ್ಟೂ ದಿನ ನಾನು ಚಿತ್ರ ಬರೆದದ್ದು ಎದೆಯ ಮೇಲೆ. ಬಚ್ಚಲಿನ ವಿಡಿಯೋವನ್ನು ಗೆಳತಿಯರಿಗೆಲ್ಲ ತೋರಿಸಿ ಮುಗಿಸಿದ ಮಗಳು ಒಂದು ಮಾತು ಅಂದಳು: “ಅಪ್ಪಾ, ದೋಣಿಯಲ್ಲಿ ನಿನ್ನ ಎದೆ ಯಾರಿಗೆ ಕಾಣತ್ತೆ?” ಯಾರಿಗೂ ಇಲ್ಲ. ಆರು ಜನ ಒಬ್ಬರ ಹಿಂದೊಬ್ಬರು, ಎಲ್ಲರೂ ಮುಂದಕ್ಕೆ ಬಗ್ಗಿಕೊಂಡು. ನಾನು ಇಷ್ಟು ಕಾಲ ನೋಡಿದ್ದು ಮೂರನೇ ಸೀಟಿನವನ ಬೆನ್ನೊಂದನ್ನೇ. ಅದರ ಮೇಲಿನ ಮಚ್ಚೆಗಳು ನನಗೆ ಕಂಠಪಾಠ, ಅವನ ಮುಖ ಪೇಟೆಯಲ್ಲಿ ಸಿಕ್ಕರೆ ಗುರುತು ಹತ್ತುವುದಿಲ್ಲ. ಒಂದನೆಯವನಿಗೆ ಬರೀ ನೀರು ಕಾಣುತ್ತದೆ, ಆರನೆಯವನಿಗೆ ಐದು ಬೆನ್ನೂ ಕಾಣುತ್ತವೆ. ಅರ್ಥ ಇರಬೇಕಾದದ್ದು ಬೆನ್ನಿನ ಮೇಲೆ, ಹಿಂದೆ ಕೂತು ಸೋತು ಏದುಸಿರು ಬಿಡುವವನಿಗಾಗಿ. ಇಷ್ಟು ಸರಳ ಸಂಗತಿಯನ್ನು ಯಾವ ವಿನ್ಯಾಸದ ಪುಸ್ತಕವೂ ನನಗೆ ಹೇಳಲಿಲ್ಲ. ಎದೆಯನ್ನು ಖಾಲಿ ಬಿಟ್ಟೆ.

ಬೆನ್ನಿಗೆ ಏನು? ಆ ಪ್ರಶ್ನೆ ಹಾಗೇ ಇರುವಾಗ ಯಾರದೋ ಸೀಮಂತಕ್ಕೆಂದು ಹೆಂಡತಿ ತನ್ನ ಅಜ್ಜಿಯ ಇಳಕಲ್ ಸೀರೆ ಹೊರಗೆ ತೆಗೆದು, ಗಾಳಿಯಾಡಲು ಸೋಫಾದ ಮೇಲೆ ಹರವಿದ್ದಳು. ಕೆಂಪು ರೇಷ್ಮೆಯ ಸೆರಗು, ಅದರ ಮೇಲೆ ಬಿಳಿಯ ಟೋಪ್ ತೆನಿ ಚಿತ್ತಾರ. ಮೊನಚಾದ ಹಲ್ಲುಗಳು ಒಂದರೊಳಗೊಂದು ಕಚ್ಚಿಕೊಂಡು ನಿಂತಿದ್ದವು. ಜೇಬಿನಲ್ಲಿದ್ದ ಮಡಚಿದ ಹಾಳೆ ತೆಗೆದು ಪಕ್ಕಕ್ಕಿಟ್ಟೆ. ಶಾರ್ಕು ಇಳಕಲ್ಲಿಗೆ ಹೋಗಿತ್ತೋ, ಅಲ್ಲಿಯ ನೇಕಾರರು ಸಮುದ್ರಕ್ಕೆ ಬಂದಿದ್ದರೋ! ಮಾರನೆಯ ದಿನ ಸೀರೆಯನ್ನೇ ಹೊತ್ತುಕೊಂಡು ದಡಕ್ಕೆ ಹೋಗಬೇಕೆಂದೆ. ಹೆಂಡತಿ ಸೀರೆಯನ್ನು ನನ್ನ ಕೈಗೆ ಕೊಡಲಿಲ್ಲ, ತಾನೇ ಬಂದಳು.

ಆಂಟಿ ಮತ್ತದೇ ಪ್ರಶ್ನೆ ಕೇಳಿದರು, ಯಾರದಿದು? “ನಮ್ಮಜ್ಜೀದು” ಎಂದು ಹೆಂಡತಿ ಹೇಳಿದಳು. ಆಂಟಿಯ ಬೆರಳು ಹಲ್ಲುಗಳ ಮೇಲೆ ನಿಲ್ಲಲಿಲ್ಲ. ಒಡಲೂ ಸೆರಗೂ ಕೂಡುವ ಕಡೆ ಹೋಗಿ ನಿಂತಿತು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ, ಎರಡರ ಎಳೆಗಳನ್ನೂ ಒಂದೊಂದಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ಹೆಂಡತಿ ಉಗುರಿನ ತುದಿಯಿಂದ ಒಂದು ಕೊಂಡಿಯನ್ನು ಎತ್ತಿ ತೋರಿಸಿದಳು. ಆಂಟಿ ಅವಳ ಕೈ ಹಿಡಿದು ದೋಣಿಯ ಬಳಿಗೆ ಕರೆದೊಯ್ದರು. ಅಲ್ಲಿ ತೇಲುಮರದ ಅಡ್ಡಕೋಲನ್ನು ದೋಣಿಗೆ ಮೊಳೆ ಹೊಡೆದು ಕೂರಿಸಿರುವುದಿಲ್ಲ, ಹುರಿಯಿಂದ ಸುತ್ತಿ ಸುತ್ತಿ ಬಿಗಿದಿರುತ್ತಾರೆ. ಅಲೆ ಬಂದಾಗ ಕಟ್ಟು ಕೊಂಚ ಬಾಗುತ್ತದೆ, ಮುರಿಯುವುದಿಲ್ಲ. ಇಬ್ಬರೂ ಗಂಟುಗಳನ್ನು ನೋಡುತ್ತ ಅರ್ಧ ಗಂಟೆ ಕಳೆದರು. ವಿನ್ಯಾಸಕಾರನಾದ ನಾನು ಸೀರೆಯ ತುದಿ ಮರಳಿಗೆ ತಾಗದಂತೆ ಎತ್ತಿ ಹಿಡಿದು ನಿಂತಿದ್ದೆ. ಕೊನೆಗೆ ಆಂಟಿ, “ಇದನ್ನು ಹಾಕು. ಇದು ನಿಮ್ಮ ಮನೆಯದು” ಎಂದರು.

ನಮ್ಮ ಮನೆಯದು ಎಂಬ ಮಾತು ಕೇಳಿದ್ದೇ ಉಳಿದ ಐವರಿಗೂ ಮನೆ ನೆನಪಾಯಿತು. ಹವಾಯಿಯ ಕಬ್ಬಿನ ತೋಟಗಳಿಗೆ ದುಡಿಯಲು ಬಂದವರ ಮೊಮ್ಮಕ್ಕಳು ಬಹುಪಾಲು. ಒಂದನೇ ಸೀಟಿನವನು ಜಪಾನಿ ಅಜ್ಜನ ಮನೆತನದ ಮುದ್ರೆ ತಂದ, ಎರಡನೆಯವನು ಪೋರ್ಚುಗೀಸ್ ಅಜ್ಜಿಯ ಕಸೂತಿ ಕರವಸ್ತ್ರ. ಐದನೆಯವನು ಫಿಲಿಪಿನೋ, ಅವನ ಅತ್ತೆ ಒಂದು ನೇಯ್ದ ಚಾಪೆಯನ್ನೇ ಕಳಿಸಿದ್ದಳು. ಎಲ್ಲವನ್ನೂ ಒಂದೇ ಬೆನ್ನಿನ ಮೇಲೆ ಕೂರಿಸಿ ನೋಡಿದೆ. ಧಾರವಾಡದ ಸಂತೆಯ ದಿನ ಬಸ್ಸಿನ ಟಾಪಿನ ಮೇಲೂ ಅಷ್ಟು ಸಾಮಾನು ಇರುವುದಿಲ್ಲ. ಎಷ್ಟು ಚಿಕ್ಕದು ಮಾಡಿದರೂ ಯಾರದೋ ಅಜ್ಜಿಯ ಮೂಲೆ ಕತ್ತರಿಸಿ ಹೋಗುತ್ತಿತ್ತು. ಅಷ್ಟರಲ್ಲಿ ಅಚ್ಚಿನವರು, ಈ ಸಂಜೆಯೊಳಗೆ ಕಡತ ಬರದಿದ್ದರೆ ಸೀಸನ್ ಮುಗಿದ ಮೇಲೆ ಅಂಗಿ ಬರುತ್ತದೆ ಎಂದರು. ನನ್ನ ಬಳಿ ಪೂರ್ತಿಯಾಗಿದ್ದದ್ದು ಟೋಪ್ ತೆನಿ ಒಂದೇ. ಭುಜದಿಂದ ಭುಜಕ್ಕೆ ಕೆಂಪು ಪಟ್ಟಿ, ಅದರ ಮೇಲೆ ಬಿಳಿ ಹಲ್ಲು, ಮಿಕ್ಕದ್ದೆಲ್ಲ ಹಳದಿ. ಕಳಿಸಿಬಿಟ್ಟೆ. ಕೆಂಪು ಹಳದಿ ಹೇಗೋ ಹಿಂಬಾಗಿಲಿನಿಂದ ಬಂದೇ ಬಂತು ಎಂದು ಹೆಂಡತಿ ಕಣ್ಣಲ್ಲೇ ಅಂದಳು. ಉಳಿದವರ ಅಜ್ಜ ಅಜ್ಜಿಯರಿಗೆ ಮುಂದಿನ ವರ್ಷಗಳನ್ನು ಹಂಚಿ ಕೊಟ್ಟಿದ್ದೇವೆ, ಪೋರ್ಚುಗೀಸ್ ಅಜ್ಜಿಯ ಸರದಿ ಬರುವ ಹೊತ್ತಿಗೆ ನನ್ನ ಮೊಣಕೈ ಇರುತ್ತದೋ ಇಲ್ಲವೋ.

ಅಂಗಿಗಳು ಬಂದವು. ಅಳತೆ ಕೊಡುವಾಗ ನಾನು ಮದುವೆ ಕಾಲದ ಸೊಂಟವನ್ನು ನೆನೆಸಿಕೊಂಡಿದ್ದರಿಂದ ನನ್ನ ಬೆನ್ನಿನ ಹಲ್ಲುಗಳು ಮಾತ್ರ ಅಗಲಕ್ಕೆ ಹಿಗ್ಗಿ, ಶಾರ್ಕು ಹೋಗಿ ಹಸುವಾದವು. ಹೆಂಗಸರ ತಂಡದವರು ತಮ್ಮ ಜೆರ್ಸಿಯನ್ನು ಒಂದು ಚಹಾ ಮುಗಿಯುವುದರೊಳಗೆ ತೀರ್ಮಾನಿಸಿ, ಅಂಗಡಿಯಿಂದ ಸಾದಾ ಹಸಿರು ತಂದು ಹಾಕಿಕೊಂಡರು. ಆ ತಂಡಕ್ಕೆ ಈಚೆಗೆ ಸೇರಿದವಳು ನನ್ನ ಹೆಂಡತಿ. ರೇಸಿನ ದಿನ ಅವರು ಎರಡನೆಯವರಾಗಿ ಬಂದರು. ನಾವು ಎಷ್ಟನೆಯವರಾಗಿ ಬಂದೆವೆಂಬುದಕ್ಕಿಂತ, ಬಂದು ತಲುಪಿದೆವೆಂಬುದು ದೊಡ್ಡದು.

ಮಗಳು ದಡದಿಂದ ತೆಗೆದ ರೇಸಿನ ವಿಡಿಯೋವನ್ನು ಕುಮಟಾಕ್ಕೆ ಕಳಿಸಿದೆವು. ಆಯಿ ಫೋನು ಮಾಡಿದಳು. ಬಣ್ಣ ಕಂಡಿತಾ, ಸೆರಗಿನ ತೆನಿ ಕಂಡಿತಾ ಎಂದು ಕೇಳಿದೆ. “ಚಂದ ಕಂಡ್ತು ತಮಾ. ಎಲ್ಲಾ ಒಂದೇ ನಮನಿ ಅಂಗಿ, ಮುಖ ಬೇರೆ ಕಾಣ್ತಿಲ್ಲೆ, ನೀ ಯಾವನು ಹೇಳೇ ತಿಳೀತಿಲ್ಲೆ” ಎಂದಳು. ಸಮವಸ್ತ್ರ ಮಾಡಿದವನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಯಾವುದು? ಹೆಂಡತಿಯ ಕಡೆ ತಿರುಗಿ ಹುಬ್ಬು ಹಾರಿಸಿದೆ. ಅಷ್ಟರಲ್ಲಿ ಆಯಿಗೆ ಏನೋ ಹೊಳೆಯಿತು.

“ಆ ಐದು ಜನ ಬಗ್ಗಿ ಎದ್ದ ಮೇಲೆ ಒಬ್ಬ ಬಗ್ಗತಾ ಇದ್ನಲ, ಅವ ನೀನೇ ಅಲ್ದನೋ?”

“ಹೌದ್ರಿ ಅತ್ತಿ,” ಎಂದು ಹೆಂಡತಿ ನನ್ನ ಕೈಯಿಂದ ಫೋನು ತೆಗೆದುಕೊಂಡಳು, “ಅವರ ಇವರು.”